ಎರಡು ರಾತ್ರಿಯ ಎಲ್ವಿಸ್

ಪಂಕ್ ಸಂಗೀತವನ್ನು ಯಾರು ಬೇಕಾದರೂ ನುಡಿಸಬಹುದು ಎಂಬ ಮಾತೊಂದಿದೆ. ಮೂರು ಗಿಟಾರ್ ಕಾರ್ಡು, ಎರಡು ನಿಮಿಷದ ಹಾಡು, ಕಿವಿಗಡಚಿಕ್ಕುವ ಗದ್ದಲ, ಇಷ್ಟೇ ತಾನೆ? ಹಾಗೆನ್ನುವವರ ಮುಂದೆ ನನಗೆ ಕ್ಲೆಮ್ ಬರ್ಕ್ ನೆನಪಾಗುತ್ತಾನೆ.

ಬರ್ಕ್ 'ಬ್ಲಾಂಡಿ' ತಂಡದ ಡ್ರಮ್ಮರ್. 1978ರ 'ಪ್ಯಾರಲಲ್ ಲೈನ್ಸ್' ಆಲ್ಬಂ ಆ ತಂಡವನ್ನು ಲೋಕಪ್ರಸಿದ್ಧವಾಗಿಸಿತು. 1979ರ 'ಡ್ರೀಮಿಂಗ್' ಹಾಡನ್ನು ಕೇಳಿ ನೋಡಿ: ಅವನ ಕೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಪ್ರತಿ ತಿರುವಿನಲ್ಲೂ ಹೊಸ ಉರುಳಿಕೆ, ಹೊಸ ಅಲಂಕಾರ. 'ದ ಹೂ' ತಂಡದ ಡ್ರಮ್ಮರ್ ಕೀತ್ ಮೂನ್‌ನನ್ನು ಆರಾಧಿಸಿದವನಲ್ಲವೇ!

ನ್ಯೂಯಾರ್ಕಿನ ಬವರಿ ಬೀದಿಯಲ್ಲಿದ್ದ ಸಿಬಿಜಿಬಿ ಎಂಬ ಕ್ಲಬ್ಬಿನಲ್ಲಿ ಬ್ಲಾಂಡಿಯ ಜೊತೆಗೇ ಬೆಳೆದದ್ದು 'ರಾಮೋನ್ಸ್'. ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್ ಬಡಾವಣೆಯ ಹುಡುಗರು. ರಕ್ತಸಂಬಂಧವಿಲ್ಲದಿದ್ದರೂ ಎಲ್ಲರ ಹೆಸರಿನ ಕೊನೆಗೂ ರಾಮೋನ್. 1987ರ ಆಗಸ್ಟಿನಲ್ಲಿ ಅವರ ಡ್ರಮ್ಮರ್ ತಂಡ ಬಿಟ್ಟ. ಕಾರ್ಯಕ್ರಮಗಳು ಮಾತ್ರ ಮೊದಲೇ ನಿಗದಿಯಾಗಿದ್ದವು. ಆಗ ನೆರವಿಗೆ ಬಂದವನೇ ಬರ್ಕ್. ಅವನಿಗೂ ಮನೆತನದ ಹೆಸರು ಸಿಕ್ಕಿತು: ಎಲ್ವಿಸ್ ರಾಮೋನ್. ಆ ಹೆಸರು ಬಾಳಿದ್ದು ಪ್ರಾವಿಡೆನ್ಸ್, ಟ್ರೆಂಟನ್ ಊರುಗಳ ಎರಡೇ ಎರಡು ಕಾರ್ಯಕ್ರಮ. ಗಿಟಾರಿನ ಜಾನಿಗೆ ಬರ್ಕ್‌ನ ತಾಳ ಒಗ್ಗಲಿಲ್ಲ. ಹಿಂದೆ ತಂಡದಲ್ಲಿದ್ದ ಮಾರ್ಕಿ ಮರಳಿ ಬಂದು ಕೂತ.

ಅಂಥ ಡ್ರಮ್ಮರ್ ಇಲ್ಲಿ ಒಗ್ಗದೆ ಹೋದದ್ದು ನನಗೆ ದೊಡ್ಡ ಸೋಜಿಗ. ರಾಮೋನ್ಸ್ ತಾಳದಲ್ಲಿ ಬಲಗೈ ಹೈಹ್ಯಾಟ್ ಎಂಬ ಜೋಡಿ ತಟ್ಟೆಯ ಮೇಲೆ ಒಂದೇ ಸಮನೆ, ಮಿಂಚಿನ ವೇಗದಲ್ಲಿ ಬೀಳುತ್ತಿರಬೇಕು. ಜಾನಿ ಗಿಟಾರನ್ನು ಮೇಲಿಂದ ಕೆಳಕ್ಕಷ್ಟೇ ಮೀಟುತ್ತಿದ್ದ. ಡ್ರಮ್ಮು ಅದಕ್ಕೆ ಅಂಟಿಕೊಂಡಿರಬೇಕು. ಒಂದು ಹಾಡು ಮುಗಿಯುವಷ್ಟರಲ್ಲಿ 'ಒನ್ ಟೂ ಥ್ರೀ ಫೋರ್' ಎಂಬ ಕೂಗು, ಇನ್ನೊಂದು ಹಾಡು. ಅಲಂಕಾರಕ್ಕೆ ಎಡೆಯಿಲ್ಲ, ಉಸಿರಾಡಲು ಬಿಡುವಿಲ್ಲ. ಬಲ್ಲದ್ದನ್ನೆಲ್ಲ ಬದಿಗಿಟ್ಟು ಕೂರಬೇಕು. ನೂರು ಎಲೆಯ ಮದುವೆಯೂಟ ಬಡಿಸಿ ಸೈ ಎನಿಸಿಕೊಂಡ ಭಟ್ಟರು ಮನೆಯ ತಿಳಿಸಾರಿನಲ್ಲಿ ಹದ ತಪ್ಪುವುದಿಲ್ಲವೇ, ಹಾಗೆ.

ಬರ್ಕ್‌ಗೆ ಕಸುವು ಕಡಿಮೆಯಿತ್ತೆಂದಲ್ಲ. ಮುಂದೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಮತ್ತು ಚಿಚೆಸ್ಟರ್ ವಿಶ್ವವಿದ್ಯಾಲಯಗಳ ಸಂಶೋಧಕರು ಅವನನ್ನೇ ಅಳೆದು ನೋಡಿದರು. ಕಛೇರಿಯ ನಡುವೆ ಅವನ ಎದೆಬಡಿತ ನಿಮಿಷಕ್ಕೆ 190ರವರೆಗೂ ಏರುತ್ತಿತ್ತು. ವೃತ್ತಿಪರ ಫುಟ್‌ಬಾಲ್ ಆಟಗಾರರಿಗೆ ಸಮನಾದ ದಣಿವು ಅದು. 2011ರಲ್ಲಿ ಗ್ಲಾಸ್ಟರ್‌ಶೈರ್ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಂಥ ದೇಹ, ಅಂಥ ಕೈ, ಅಂಥ ಹೆಸರು. ಆದರೂ ಹೊಸ ತಂಡದ ಹಿಂದೆ ಕೂತಾಗ ತಾಳ ಅವನನ್ನು ಮೊದಲಿನಿಂದ ಪರೀಕ್ಷೆ ಮಾಡಿತು.

ಇದಕ್ಕಿಂತ ಬೆರಗಿನ ಸಂಗತಿ, ಆ ಪರೀಕ್ಷೆಗೆ ಅವನೆಂದೂ ಬೆನ್ನು ತೋರಿಸಲಿಲ್ಲ ಎಂಬುದು. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ ಮೇಲೂ ಸಣ್ಣಪುಟ್ಟ ತಂಡಗಳ ಜೊತೆ ನುಡಿಸಿದ. ಬ್ರಿಟನ್ನಿನಲ್ಲಿ ಬ್ಲಾಂಡಿಯ ಹಾಡುಗಳನ್ನು ಅನುಕರಿಸಿ ಹಾಡುವ 'ಬೂಟ್‌ಲೆಗ್ ಬ್ಲಾಂಡಿ' ಎಂಬ ತಂಡವಿದೆ. ಅಸಲಿ ಡ್ರಮ್ಮರ್ ಹೋಗಿ ಆ ನಕಲಿ ತಂಡದ ಜೊತೆಗೂ ಕೂತ! 2025ರ ಏಪ್ರಿಲ್‌ನಲ್ಲಿ, 70ರ ವಯಸ್ಸಿನಲ್ಲಿ ತೀರಿಕೊಂಡ.

ದೊಡ್ಡವರು ಸಣ್ಣ ತಂಡಕ್ಕೆ ಬಂದರೆ ನಾವು ತಂಡದ ಅದೃಷ್ಟವನ್ನು ಕೊಂಡಾಡುತ್ತೇವೆ. ಬಂದವನ ಧೈರ್ಯವನ್ನೂ ಕೊಂಡಾಡಬೇಕು. ಹೆಸರನ್ನು ಹೊರಗೆ ಬಿಟ್ಟು ಒಳಗೆ ಬರುವುದು ಎಲ್ಲ ಕಲಾವಿದರಿಗೂ ಆಗುವ ಕೆಲಸವಲ್ಲ.