ಪಟ್ಟಿಯಲ್ಲಿ ಇಲ್ಲದ ಹೆಸರು

ಓಬವ್ವನ ಕಥೆ ಹೇಳುವಾಗ ನನ್ನ ತರಗತಿಯ ಹುಡುಗಿಯರ ಮುಖ ಪ್ರತಿ ವರ್ಷವೂ ಅರಳುತ್ತದೆ. ಕಾವಲಿನ ಗಂಡ ಊಟಕ್ಕೆ ಬಂದ ಹೊತ್ತು, ನೀರಿಗೆಂದು ಹೊರಟವಳು ಕೋಟೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸಿಪಾಯಿಗಳನ್ನು ಕಂಡು ಒನಕೆ ಹಿಡಿದು ನಿಂತದ್ದು ಯಾರಿಗೆ ಗೊತ್ತಿಲ್ಲ! ಈ ಸಲ ಬೈಂದೂರು ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಎದ್ದು ನಿಂತು, "ಅವ್ಳಿಗೆ ಸಂಬ್ಳ ಇದ್ದಿತ್ತಾ ಟೀಚರ್?" ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಒಂದು ಹೊತ್ತು ಕಿಂಡಿ ಕಾಯುವುದಕ್ಕೆ ಸೀರೆ ಅಡ್ಡಿಯಾಗಲಿಲ್ಲ. ಪಟ್ಟಿಯಲ್ಲಿ ಹೆಸರು ಬರೆಸಿ ಸಂಬಳ ಪಡೆಯುವುದಕ್ಕೆ ಮಾತ್ರ ಗಂಡಸೇ ಆಗಬೇಕಿತ್ತು. ಹಾಗೆ ಗಂಡಸಾದವಳೊಬ್ಬಳ ಕಥೆ ಹೇಳಿದೆ. ಇಂಗ್ಲೆಂಡಿನ ಹನ್ನಾ ಸ್ನೆಲ್, ಬಿಟ್ಟುಹೋದ ಗಂಡನನ್ನು ಹುಡುಕಲೆಂದು ಭಾವನ ಬಟ್ಟೆ ತೊಟ್ಟು, ಜೇಮ್ಸ್ ಗ್ರೇ ಎಂಬ ಅವನ ಹೆಸರನ್ನೇ ಇಟ್ಟುಕೊಂಡು ನೌಕಾದಳದ ಸಿಪಾಯಿಯಾದಳು. 1748ರಲ್ಲಿ ಪಾಂಡಿಚೇರಿಯ ಮುತ್ತಿಗೆಯಲ್ಲಿ ಗುಂಡೇಟು ತಿಂದಳು. 1750ರಲ್ಲಿ ಅಚ್ಚಾದ ಅವಳ ಕಥೆಯ ಪ್ರಕಾರ, ಕಾಲಿನ ಗಾಯಗಳನ್ನು ವೈದ್ಯರಿಗೆ ತೋರಿಸಿ ತೊಡೆಸಂದಿನದನ್ನು ಮುಚ್ಚಿಟ್ಟಳು. ಆ ಗುಂಡನ್ನು ತಾನೇ ಬೆರಳಿನಿಂದ ಕಿತ್ತಳು. ಕಟ್ಟಲು ಬಟ್ಟೆ, ಮುಲಾಮು ತಂದುಕೊಟ್ಟು ಗುಟ್ಟು ಕಾಪಾಡಿದ್ದು ಅಲ್ಲಿಯ ಒಬ್ಬ ಹೆಂಗಸು.

"ಅದ್ ಸುಳ್ಳಲ್ದಾ ಟೀಚರ್?"

ಸುಳ್ಳೇ. ನಮ್ಮ ಬಯಲಾಟದ ಸ್ತ್ರೀವೇಷದಂತಲ್ಲ ಇದು. ಅಲ್ಲಿ ನೋಡುವವರಿಗೂ ಗೊತ್ತು, ಬೆಳಗಾದರೆ ಬಣ್ಣ ತೆಗೆಯುತ್ತಾರೆ. ಇವಳು ಪಕ್ಕದಲ್ಲಿ ಮಲಗುವ ಜತೆಗಾರರನ್ನೂ ವರ್ಷಗಟ್ಟಲೆ ನಂಬಿಸಿದಳು. ಹಾಜರಿಯಲ್ಲಿ ಒಬ್ಬರ ಬದಲು ಇನ್ನೊಬ್ಬರು ಕೂಗಿದರೆ ಗದರುವ ನಾನು ಇದನ್ನು ಸುಲಭದಲ್ಲಿ ಮೆಚ್ಚಲಾರೆ. ಆದರೆ ಪಹರೆಯಲ್ಲಾಗಲಿ ಯುದ್ಧದಲ್ಲಾಗಲಿ ಅವಳು ಮೋಸ ಮಾಡಲಿಲ್ಲವಲ್ಲ. ನಿಜ ಹೇಳಿದವಳಿಗೆ ಬಾಗಿಲು ಮುಚ್ಚುವ ಮನೆಯಲ್ಲಿ, ಸುಳ್ಳಿನ ಪಾಲು ಯಜಮಾನನಿಗೂ ಬರುವುದಿಲ್ಲವೇ? ಬಿ.ಎಡ್. ಅರ್ಜಿ ತುಂಬಲು ಹೋದ ದಿನ, ಬ್ರಹ್ಮಾವರದ ಚಿಕ್ಕಮ್ಮನ ಮನೆಗೆಂದು ಹೇಳಿ ಹೊರಟವಳು ನಾನೂ. ಚಿಕ್ಕಮ್ಮನಿಗೆ ಗೊತ್ತಿತ್ತು. ಅಪ್ಪಯ್ಯ ಕೇಳಿದಾಗ, "ಹೌದು, ಬಂದಿದ್ದಳು" ಎಂದು ಬಿಟ್ಟರು. ಆ ಒಂದು ಮಾತಿನ ಮೇಲೆ ನನ್ನ ಇಷ್ಟು ವರ್ಷಗಳ ಸಂಬಳ ನಿಂತಿದೆ.

ಹನ್ನಾ ಊರಿಗೆ ಮರಳಿ ತಾನೇ ಗುಟ್ಟು ಬಿಟ್ಟಳು. ಆಮೇಲೆ ಅವಳಿಗೆ ಸೈನಿಕರ ಪಿಂಚಣಿಯೂ ಸಿಕ್ಕಿತು. ಹೆಸರು ಸುಳ್ಳಾದರೂ ಗಾಯ ನಿಜವಾಗಿತ್ತು! 2021ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಮಿಲಿಟರಿ ಪೊಲೀಸ್ ದಳ ಸೇರಿದ 83 ಮಹಿಳೆಯರು ತಮ್ಮ ತಮ್ಮ ಹೆಸರಿನಲ್ಲೇ ಸಿಪಾಯಿಗಳಾದರು ಎಂದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು.

ಬೆಲ್ಲು ಹೊಡೆದ ಮೇಲೆ ಬೈಂದೂರಿನ ಹುಡುಗಿ ಮೇಜಿನ ಹತ್ತಿರ ಬಂದಳು. "ಮುಲಾಮು ತಂದ್ಕೊಟ್ಟವ್ಳ ಹೆಸ್ರ್ ಎಂತ ಟೀಚರ್?"

ಅದನ್ನು ಪುಸ್ತಕದಲ್ಲಿ ಬರೆದಿಲ್ಲ ಮಗಾ, ಎಂದೆ.