ಕಾಣದ ಅತಿಥಿ

ನಂಜನಗೂಡಿನಲ್ಲಿ ಕಪಿಲೆಯ ದಡದಲ್ಲಿ ನೆಲಸಿರುವ ಶ್ರೀಕಂಠೇಶ್ವರನಿಗೆ ಹಣ್ಣುಕಾಯಿ ಮಾಡಿಸಲು ಹೊರಟ ರೈತನು ತನ್ನ ತೋಟದ ರಸಬಾಳೆಯ ಗೊನೆಯಲ್ಲಿ ಅತ್ಯುತ್ತಮವಾದ ಚಿಪ್ಪನ್ನೇ ಆರಿಸುತ್ತಾನೆ. ನೆಲಕ್ಕೆ ತಾಗಿದ್ದನ್ನು ಬಿಡುತ್ತಾನೆ, ಎಂಜಲು ಕೈ ಸೋಕದಂತೆ ಜೋಪಾನವಾಗಿ ಗುಡಿಗೆ ಒಯ್ಯುತ್ತಾನೆ. ಅದೇ ಗೊನೆಯ ಉಳಿದ ಚಿಪ್ಪುಗಳು ಮೈಸೂರಿನ ಬಂಡಿಪಾಳ್ಯದ ಮಾರುಕಟ್ಟೆಗೆ ಹೊರಟಾಗ ಆ ಎಚ್ಚರದಲ್ಲಿ ಎಷ್ಟು ಪಾಲು ಉಳಿದಿರುತ್ತದೆ? ದೇವರಿಗೆ ಸಲ್ಲುವ ಹಣ್ಣಿಗೂ ಹೆಸರರಿಯದ ಮಗುವೊಂದರ ಬಾಯಿಗೆ ಬೀಳುವ ಹಣ್ಣಿಗೂ ಧರ್ಮದ ದೃಷ್ಟಿಯಲ್ಲಿ ಭೇದವುಂಟೆ?

ತೈತ್ತಿರೀಯೋಪನಿಷತ್ತು ಅನ್ನವನ್ನು ಬ್ರಹ್ಮವೆಂದೇ ಅರಿಯಹೇಳಿತು. ಆಹಾರವು ಶುದ್ಧವಾದರೆ ಅಂತಃಕರಣವು ಶುದ್ಧವಾಗುವುದೆಂದು ಛಾಂದೋಗ್ಯವು ಬೋಧಿಸಿತು. ಆದರೆ ಕಾಲಕ್ರಮದಲ್ಲಿ ನಮ್ಮ ಶೌಚವು ಉಣ್ಣುವವನ ಸ್ವಂತ ಪಾವಿತ್ರ್ಯಕ್ಕೆ ಮೀಸಲಾಯಿತು. ಯಾರು ಮುಟ್ಟಿದರೆ ನನಗೆ ಮೈಲಿಗೆ ಎಂಬ ವಿಚಾರವು ಬೆಳೆದಷ್ಟು, ನನ್ನ ಕೈಯಿಂದ ಪರರಿಗೆ ಯಾವ ಕೇಡು ತಗುಲೀತು ಎಂಬ ವಿಚಾರವು ಬೆಳೆಯಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಅಂತಸ್ತಿಗೇರಿಸಿದರು. ಹಾಗಾದರೆ ಪೂಜೆಯ ನೇಮನಿಷ್ಠೆಯೂ ಕಾಯಕಕ್ಕೆ ಬರಲೇಬೇಕಲ್ಲವೆ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ತನ್ನ 18ನೆಯ ಪ್ರಕರಣದಲ್ಲಿ ರೈತನನ್ನೂ ಅವನ ಬೇಸಾಯವನ್ನೂ ತನ್ನ ಆಳ್ವಿಕೆಯಿಂದ ಹೊರಗಿರಿಸಿದೆ. ಎಕರೆ ಅರ್ಧ ಎಕರೆಯ ಒಕ್ಕಲಿಗೆ ಇನ್‌ಸ್ಪೆಕ್ಟರರ ಕಾಟ ತಪ್ಪಿದ್ದು ಒಳ್ಳೆಯದೇ. ಆದರೆ ಕಾಯಿದೆಯು ಮೌನವಾಗಿರುವಲ್ಲಿ ಧರ್ಮವೂ ಮೌನವಾಗಿರಬೇಕೆಂದಿಲ್ಲ. ಹೊಲದ ಬದುವಿನೊಳಗೆ ಅಂತಃಸಾಕ್ಷಿಯೇ ಅಧಿಕಾರಿ.

ಹಾಗೆಂದು ಸದುದ್ದೇಶವೊಂದೇ ಸಾಲದು. ದನಗಳ ಮೈತೊಳೆದ ನಾಲೆಯ ನೀರಿನಲ್ಲಿ ಕೊತ್ತಂಬರಿಯ ಕಟ್ಟನ್ನು ಅದ್ದಿ ಎತ್ತಿದರೆ ಮಣ್ಣು ಹೋಗಿ ಎಲೆ ಹೊಳೆಯುತ್ತದೆ; ಆದರೆ ಕರುಳಬೇನೆಯ ರೋಗಾಣು ಎಲೆಯ ಸಂದಿಯಲ್ಲಿ ಉಳಿದು, ಹಸಿಸೊಪ್ಪಿನೊಡನೆಯೇ ಊಟದ ಎಲೆಯನ್ನು ಸೇರುತ್ತದೆ. ನಿನ್ನೆ ಔಷಧಿ ಹೊಡೆದ ಹುರುಳಿಕಾಯಿಯನ್ನು ಇಂದು ಕಿತ್ತವನು ದುಷ್ಟನೇನಲ್ಲ. ಡಬ್ಬಿಯ ಮೇಲೆ ಅಚ್ಚಾಗಿರುವ ಕಾಯುವ ದಿನಗಳನ್ನು ಅವನಿಗೆ ಯಾರೂ ಓದಿ ಹೇಳಿಲ್ಲ, ಅಷ್ಟೆ. ಆದುದರಿಂದ ಸದ್ಭಾವಕ್ಕೆ ಒಂದು ಕ್ರಮ ಬೇಕು, ಕ್ರಮಕ್ಕೆ ಒಂದು ಲೆಕ್ಕದ ಪುಸ್ತಕ ಬೇಕು: ನೀರು ಯಾವ ಮೂಲದ್ದು, ಗೊಬ್ಬರ ಚೆನ್ನಾಗಿ ಕಳಿತಿತ್ತೆ, ಯಾವ ದಿನ ಯಾವ ಔಷಧಿ, ಕೊಯ್ಲಿಗೆ ಎಷ್ಟು ದಿನ ಮೊದಲು, ಕೊಯ್ಯುವ ಆಳುಗಳು ಸೋಪು ಹಾಕಿ ಕೈತೊಳೆಯಲು ಎಲ್ಲಿ ಅನುಕೂಲ, ತುಂಬುವ ಕ್ರೇಟು ಗೊಬ್ಬರ ಹೊತ್ತದ್ದೋ ಅಲ್ಲವೋ. ಇದನ್ನು ಎಲ್ಲರಿಗೂ ಒಂದೇ ಎಂಬಂತೆ ಅಚ್ಚು ಹಾಕಿಸಿ ಹಂಚಿದರೆ ಫಲವಿಲ್ಲ. ಏಕೆಂದರೆ ಒಬ್ಬನ ಕೊಟ್ಟಿಗೆ ಬಾವಿಗಿಂತ ಮೇಲ್ದಿಣ್ಣೆಯಲ್ಲಿರುತ್ತದೆ, ಇನ್ನೊಬ್ಬನದು ಇಳುಕಲಿನಲ್ಲಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಂತಹ ಸಂಸ್ಥೆಗಳೂ ತೋಟಗಾರಿಕೆ ಇಲಾಖೆಯೂ ರೈತನೊಡನೆ ಅವನ ಜಮೀನನ್ನೇ ಸುತ್ತಿ, ಅವನ ಮಾತಿನಲ್ಲೇ ಅವನ ಯೋಜನೆಯನ್ನು ಬರೆಯಿಸುವುದಾದರೆ, ಅದಕ್ಕಿಂತ ಮಿಗಿಲಾದ ಜ್ಞಾನದಾಸೋಹ ಬೇರೊಂದಿಲ್ಲ.

ತಿನ್ನುವವರ ಹಣೆಬರಹಕ್ಕೆ ಬೆಳೆಯುವವನು ಹೊಣೆಯೆ ಎಂದು ಕೇಳುವವರುಂಟು. ಪುರುಷಪ್ರಯತ್ನವು ಮುಗಿದ ಮೇಲೆ ಮಾತ್ರ ವಿಧಿಯ ಹೆಸರೆತ್ತಲು ನಮಗೆ ಅಧಿಕಾರ. ನಂಜನಗೂಡಿನ ಹೊಲದಿಂದ ಮಳೆನೀರಿನೊಡನೆ ಕಪಿಲೆಗೆ ಜಾರಿದ್ದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಗುಂಜಾನರಸಿಂಹನ ಸನ್ನಿಧಿಗೆ ಬಂದು ಮೀಯುವವರ ಮೈಯನ್ನು ಸೋಕುತ್ತದೆ. ಕರ್ಮವು ಕರ್ತೃವಿನ ಕಣ್ಣಳತೆಯಲ್ಲಿ ನಿಲ್ಲುವುದಿಲ್ಲವೆಂಬುದಕ್ಕೆ ನದಿಯೇ ಸಾಕ್ಷಿ. ಲೋಕರಕ್ಷಣೆಗಾಗಿ ಹಾಲಾಹಲವನ್ನು ಕಂಠದಲ್ಲಿ ತಡೆದವನನ್ನು ಆರಾಧಿಸುವ ಸೀಮೆಯಲ್ಲಿ, ಪರರ ಒಡಲಿಗಿಳಿಯಬಹುದಾದ ಕೇಡನ್ನು ಹೊಲದಲ್ಲಿಯೇ ತಡೆಯುವುದು ಆ ಆರಾಧನೆಯ ನಿಜವಾದ ಅನುಷ್ಠಾನ.

ಈ ಹೊರೆಯನ್ನು ಬಡ ಬೇಸಾಯಗಾರನೊಬ್ಬನ ಹೆಗಲಿಗೇ ಹೇರುವುದು ಅನ್ಯಾಯ. ಶುದ್ಧವಾದ ಸೊಪ್ಪುಕಾಯಿ ಬೇಕೆನ್ನುವ ಪಟ್ಟಣಿಗನು ಅದರ ಶ್ರಮಕ್ಕೆ ತಕ್ಕ ಬೆಲೆಯನ್ನು ಚೌಕಾಶಿಯಿಲ್ಲದೆ ತೆರಬೇಕು. ಬೆಳೆಯುವವರು ತಮ್ಮ ಪುಸ್ತಕವನ್ನು ಈ ಬೆಳೆಯಿಂದಲೇ ಬರೆಯತೊಡಗಲಿ. ಕೊಳ್ಳುವವರು ಅದನ್ನು ಕೇಳಿ ಓದಿ, ಗೌರವದಿಂದ ಹಣವೆಣಿಸಲಿ.