ಬಿದ್ದವನು ಕೈ ಎತ್ತಲಿ

ವಾಕ್ಯಭಾಗ: ಹೋಶೇಯ 11:1-4, ಮತ್ತಾಯ 14:28-31

 

ಪ್ರಿಯರೇ, ಮಹಾಕೂಟದ ಹೊಂಡದಾಗ ಹುಡುಗರು ಈಜಾಡೋದನ್ನ ನೀವೆಲ್ಲ ನೋಡೀರಿ. ಈಜಿನಲ್ಲಿ ಎಲ್ಲಾ ನಮ್ಮ ಶಕ್ತಿ. ಕೈಕಾಲು ಬಡಿದಷ್ಟು ಮುಂದೆ ಹೋಗ್ತೀವಿ. ಆದ್ರ ನೀರಿನ ಮೇಲೆ ಇನ್ನೊಂದು ಆಟ ಐತ್ರಿ. ಗೋವಾಕ್ಕೆ ದುಡಿಯಾಕ ಹೋದವರು ಕಂಡಿರ್ತೀರಿ, ಮೋಟರ್ ಬೋಟಿಗೆ ಹಗ್ಗ ಕಟ್ಟಿ, ಗಾಳಿ ತುಂಬಿದ ತೆಪ್ಪದ ಮೇಲೆ ಜನರನ್ನು ಕೂಡ್ರಿಸಿ ಎಳೀತಾರ. ಹಾಗೇ ಹಗ್ಗ ಹಿಡಿದು, ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು, ನೀರಿನ ಮೇಲೆ ನಿಂತು ಹೋಗೋದಕ್ಕೆ ವಾಟರ್ ಸ್ಕೀಯಿಂಗ್ ಅಂತಾರ. ಒಂದೇ ಅಗಲವಾದ ಹಲಗೆ ಮೇಲೆ ಅಡ್ಡ ನಿಂತರೆ ಅದು ವೇಕ್‌ಬೋರ್ಡಿಂಗ್.

ಇದನ್ನು ಮೊದಲು ಮಾಡಿದವನು ಅಮೆರಿಕದ ಮಿನೆಸೋಟದ ರಾಲ್ಫ್ ಸ್ಯಾಮ್ಯುಯೆಲ್ಸನ್. ವಯಸ್ಸು 18. ಪೀಪಾಯಿಯ ಪಟ್ಟಿ ಕಟ್ಟಿಕೊಂಡು ನೋಡಿದ, ಮುಳುಗಿದ. ಹಿಮದ ಮೇಲೆ ಜಾರುವ ಹಲಗೆ ಕಟ್ಟಿಕೊಂಡ, ಅದೂ ಆಗಲಿಲ್ಲ. ಕೊನೆಗೆ ಎಂಟು ಅಡಿ ಉದ್ದದ ಪೈನ್ ಮರದ ಹಲಗೆ ತಂದು, ತುದಿಯನ್ನು ಬಿಸಿನೀರಿನಲ್ಲಿ ಕುದಿಸಿ ಮೇಲಕ್ಕೆ ಬಾಗಿಸಿದ. 1922ರ ಜುಲೈ 2ರಂದು ಪೆಪಿನ್ ಸರೋವರದಲ್ಲಿ, ಸಹೋದರ ಬೋಟು ಓಡಿಸುತ್ತಿದ್ದಾಗ, ಅವನು ಎದ್ದು ನಿಂತ. ಏನು ಬದಲಾಯಿತು? ಹಿಂದಕ್ಕೆ ಒರಗಿದ, ಹಲಗೆಯ ತುದಿಯನ್ನು ನೀರಿನಿಂದ ಮೇಲೆ ಇಟ್ಟ. ಅಷ್ಟೇ.

ಇವತ್ತಿಗೂ ಕಲಿಯುವವರಿಗೆ ಹೇಳೋದು ಇದೇ ಮಾತು. ಮೊಣಕಾಲು ಎದೆಗೆ ತಂದು ನೀರಿನಲ್ಲಿ ಮುದುಡಿ ಕೂತ್ಕೋ. ಹಿಡಿಯನ್ನು ಗಟ್ಟಿಯಾಗಿ ಹಿಡಿ, ಆದರೆ ತೋಳು ನೇರ ಇರಲಿ. ಹಗ್ಗವನ್ನು ನಿನ್ನ ಕಡೆಗೆ ಜಗ್ಗಬೇಡ. ಅವಸರ ಮಾಡಿ ಏಳಬೇಡ. ಬೋಟೇ ನಿನ್ನನ್ನು ಎತ್ತುತ್ತದೆ. ಹೊಸಬರು ಬೀಳೋದು ಬಲ ಕಡಿಮೆ ಆಗಿ ಅಲ್ಲ, ತಮ್ಮ ಬಲದಿಂದಲೇ ಏಳೋಕೆ ಹೋಗಿ.

ಹೋಶೇಯನ ಪುಸ್ತಕ ನೋಡಿರಿ. ದೇವರು ತನ್ನ ಜನರನ್ನು ಎತ್ತಿಗೆ ಮೂಗುದಾರ ಹಾಕಿದ ಹಾಗೆ ಎಳೆಯಲಿಲ್ಲ, ಪ್ರೀತಿಯ ಹಗ್ಗದಿಂದ ಸೆಳೆದೆನು ಅನ್ನುತ್ತಾನೆ. ಹಾಗಾದ್ರ ನಮ್ಮ ಕೆಲಸ ಏನೂ ಇಲ್ಲವೇ? ಇದೆ. ಹಿಡಿ ಹಿಡಿಯೋದು ನಂಬಿಕೆ. ಮೊಣಕಾಲು ಮಡಿಸೋದು ಪ್ರಾರ್ಥನೆ. ಎತ್ತೋದು ಮಾತ್ರ ಆತನ ಕೆಲಸ. ಆಮೆನ್ ಹೇಳ್ರಿ!

ಕುಡಿತ ಬಿಡಲು ಹೋರಾಡುತ್ತಿರುವ ಸಹೋದರರೇ, ಈ ಮಾತು ನಿಮಗೆ. ಭಾನುವಾರ ಆಣೆ ಮಾಡ್ತೀರಿ, "ಇನ್ನ ನಾನು ಮುಟ್ಟಂಗಿಲ್ಲ" ಅಂತೀರಿ. ಬುಧವಾರ ಸಂಜೆಗೆ ಬಿದ್ದಿರ್ತೀರಿ. ಮುಂದಿನ ಭಾನುವಾರ ಹೆಂಡತಿ ಮಕ್ಕಳು ಸಭೆಗೆ ಬರ್ತಾರ, ನೀವು ನಾಚಿಕೆಯಿಂದ ಮನೆಯಾಗ ಕೂಡ್ತೀರಿ. ಆ ಆಣೆಯಲ್ಲಿ ಎಷ್ಟು ಸಲ "ನಾನು" ಇತ್ತು ಎಂದು ಎಣಿಸಿ ನೋಡಿ. ಇನ್ನೊಂದು ಮಾತು. ನೀರಿಗಿಳಿಯುವವನು ಲೈಫ್ ಜಾಕೆಟ್ ಹಾಕಿಕೊಳ್ಳುತ್ತಾನೆ. ಅದು ಬೋಟಿನ ಮೇಲೆ ಅಪನಂಬಿಕೆ ಅಲ್ಲ. ಕುಡಿತ ಬಿಟ್ಟಾಗ ಮೈಕೈ ನಡುಗಿದರೆ ವೈದ್ಯರ ಹತ್ತಿರ ಹೋಗಿ. ಅದೂ ಅವಿಶ್ವಾಸವಲ್ಲ.

ಈಗ ಬಿದ್ದರೆ ಏನು? ಈ ಆಟದಲ್ಲಿ ಎಲ್ಲರೂ ಬೀಳ್ತಾರೆ. ಬಿದ್ದ ಕೂಡಲೇ ಹಗ್ಗ ಬಿಡು ಅಂತ ಕಲಿಸ್ತಾರೆ, ಇಲ್ಲದಿದ್ರೆ ನೀರು ಕುಡಿಸುತ್ತಾ ಎಳ್ಕೊಂಡು ಹೋಗುತ್ತೆ. ನಂತರ ಕೈ ಮೇಲೆತ್ತಿ ತೋರಿಸಬೇಕು. ಬೋಟಿನವನು ಬಿಟ್ಟು ಹೋಗೋದಿಲ್ಲ. ನಿಧಾನವಾಗಿ ಸುತ್ತು ಹಾಕಿ ಬಂದು, ಅದೇ ಹಗ್ಗವನ್ನು ಬಿದ್ದವನ ಕೈಗೆ ಮುಟ್ಟಿಸ್ತಾನೆ. ಹಗ್ಗ ನಮ್ಮ ಕೈಯಿಂದ ಜಾರಬಹುದು ಪ್ರಿಯರೇ, ಇನ್ನೊಂದು ತುದಿ ಆತನ ಹತ್ತಿರವೇ ಇರುತ್ತದೆ. ಪೇತ್ರ ಮುಳುಗುವಾಗ ಉದ್ದ ಪ್ರಾರ್ಥನೆ ಮಾಡಲಿಲ್ಲ. ಕಾಪಾಡು ಎಂದು ಕೂಗಿದ. ಕರ್ತನು ತಕ್ಷಣ ಕೈಚಾಚಿ ಹಿಡಿದನು.

ಸಭೆಯವರಿಗೂ ಒಂದು ಮಾತು. ಬೋಟು ಓಡಿಸುವವನು ಮುಂದೆ ನೋಡಬೇಕು. ಅದಕ್ಕೇ ಇನ್ನೊಬ್ಬ ಹಿಂದಕ್ಕೆ ಮುಖ ಮಾಡಿ ಕೂತಿರ್ತಾನೆ. ಎಳೆಯಲ್ಪಡುವವನ ಮೇಲೆ ಕಣ್ಣಿಡೋದೊಂದೇ ಅವನ ಕೆಲಸ. ಬಿದ್ದದ್ದನ್ನು ಕಂಡ ತಕ್ಷಣ ಹೇಳ್ತಾನೆ, ಊರಿಗೆಲ್ಲಾ ಅಲ್ಲ, ಬೋಟು ಓಡಿಸುವವನಿಗೆ. ನಾವು ಬಿದ್ದವರ ಸುದ್ದಿಯನ್ನು ಬಾವಿಕಟ್ಟೆಯಲ್ಲಿ ಹೇಳ್ತೀವೋ, ಕರ್ತನ ಪಾದದಲ್ಲಿ ಹೇಳ್ತೀವೋ? ಎರಡು ವಾರದಿಂದ ಯಾರ ಜಾಗ ಖಾಲಿ ಇದೆ, ನೋಡೀರಾ? ಇವತ್ತು ಊಟಕ್ಕೆ ಮುಂಚೆ ಅವರ ಮನೆಗೆ ಹೋಗಿ ಬನ್ನಿ. ಬೈಯಬೇಡಿ. "ಬಾ ಅಣ್ಣಾ, ಕೂಡಿ ಪ್ರಾರ್ಥನೆ ಮಾಡೋಣು" ಅನ್ನಿ, ಸಾಕು.

ಎಲ್ಲರೂ ಮೊಣಕಾಲೂರೋಣ. ಬಿದ್ದವರು ಇದ್ದ ಜಾಗದಲ್ಲೇ ಕೈ ಎತ್ತಿ. ಯಾರೂ ತಿರುಗಿ ನೋಡಬೇಡಿ.

ತಂದೆಯೇ, ಈ ಎತ್ತಿದ ಕೈಗಳನ್ನು ನೋಡು. ನಮ್ಮ ಬಲದಿಂದ ಏಳಲಾರೆವು. ನಿನ್ನ ಪ್ರೀತಿಯ ಹಗ್ಗದಿಂದ ನಮ್ಮನ್ನು ಎತ್ತು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.